ಜಕಾರ್ತಾ ನಂಬರಿನ ಕಾರು

ಬಾಡಿಗೆ ಕಾರುಗಳು ಬಾಡಿಗೆ ಕಾರುಗಳ ಹಾಗೇ ಇರುತ್ತವೆ ಎಂದುಕೊಂಡು ವಿನಾರ್ಸಿ ಬಂದಿದ್ದಳು. ನಾಸಿರನ ಅಂಗಳದಲ್ಲಿ ನಿಂತಿದ್ದವು ಹಾಗಿರಲಿಲ್ಲ. ಒಂದರ ಹಿಂದಿನ ಗಾಜಿನ ಬಳಿ ಬಟ್ಟೆಯ ಆನೆಮರಿಯೊಂದು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು. ಇನ್ನೊಂದರ ಕನ್ನಡಿಗೆ ಜಪಮಣಿಯ ಸರ ನೇತಾಡುತ್ತಿತ್ತು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಬೆಳ್ಳಿ ಬಣ್ಣದ ಕಾರಿನಲ್ಲಂತೂ ಸ್ಟೀರಿಂಗಿನ ಮುಂದೆ ಕಸೂತಿ ಗವಸು ತೊಟ್ಟ ಟಿಶ್ಯೂ ಡಬ್ಬಿ, ಅದಕ್ಕೆ ಒರಗಿಸಿಟ್ಟ ಅರ್ಧ ಖಾಲಿಯಾದ ನೋವಿನೆಣ್ಣೆಯ ಸೀಸೆ. ಯಾರದೋ ಸಂಸಾರ ಈಗಷ್ಟೇ ಇಳಿದು ಒಳಗೆ ಹೋಗಿದೆ, ಇನ್ನೇನು ಹೊರಗೆ ಬಂದು ನೀನ್ಯಾರಮ್ಮ ನಮ್ಮ ಕಾರಿನೊಳಗೆ ಇಣುಕುವವಳು ಎಂದು ಕೇಳುತ್ತದೆ ಅನ್ನಿಸಿ ಅವಳು ಹಿಂದಕ್ಕೆ ಸರಿದಳು. ಸರಿದರೂ ಕಣ್ಣು ಮಾತ್ರ ಆ ಗವಸಿನ ಹೊಲಿಗೆಯಲ್ಲೇ ಸಿಕ್ಕಿಕೊಂಡಿತ್ತು. ಜಕಾರ್ತಾದ ಜತಿನೆಗಾರಾ ಮಾರ್ಕೆಟ್ಟಿನ ಒಂದು ಮಳಿಗೆಯಲ್ಲಿ ಕೂತು ಊರಿನವರ ಹಬ್ಬದ ಬಟ್ಟೆಗಳ ಹೊಲಿಗೆ ಬಿಚ್ಚಿ, ಬಿಗಿ ಮಾಡಿ, ಅಂಚು ಮಡಿಸುವವಳಿಗೆ ಅದೊಂದು ಚಾಳಿ. ಮಿಷನ್ನಿನ ಕಸೂತಿ, ಕೊನೆಯಲ್ಲಿ ಗಂಟು ಹಾಕದೆ ಬಿಟ್ಟ ಕೆಂಪು ದಾರ. ಪಕ್ಕದ ಕಾರಿನಲ್ಲೂ ಅಂಥದೇ ಡಬ್ಬಿ, ಅದೇ ಹೂವು, ಅದೇ ಬಿಟ್ಟ ದಾರ. ಆಚೆಯದರಲ್ಲೂ ಅದೇ. ಸಗಟಿನಲ್ಲಿ ತಂದ ಸಂಸಾರಗಳು.

“ಎಲ್ಲಾ ನಾನೇ ಇಡೋದು ಇಬು,” ಎಂದ ನಾಸಿರ, ಅವಳು ಕೇಳದೆಯೇ. ಹೆಂಗಸರನ್ನೆಲ್ಲ ಮರ್ಯಾದೆಯಿಂದ ಇಬು ಅನ್ನುವ, ಆ ಮರ್ಯಾದೆಯ ಜೊತೆಗೇ ಅವರ ಮನೆಯ ವಿಷಯಕ್ಕೂ ಕೈ ಹಾಕುವ ಮನುಷ್ಯ. ಹುಟ್ಟಿ ಬೆಳೆದದ್ದೆಲ್ಲ ಜಕಾರ್ತಾದಲ್ಲೇ ಆದ್ದರಿಂದ ಉಪವಾಸದ ತಿಂಗಳು ಮುಗಿದಾಗಿನ ಲೆಬರಾನ್ ಹಬ್ಬಕ್ಕೆ ಹೋಗಲು ಅವನಿಗೆ ಊರು ಅಂತ ಒಂದಿರಲಿಲ್ಲ. ಹೋಗುವವರನ್ನು ಸಿಂಗರಿಸಿ ಕಳಿಸುವುದೇ ಅವನ ಹಬ್ಬ. “ಮೊದಲು ಗಿರಾಕಿಗಳು ಅಂಗಡಿ ಸ್ಟಿಕ್ಕರ್ ಕಿತ್ತು ಕೊಡಿ ಅಂದ್ರು, ಕಿತ್ತುಕೊಟ್ಟೆ. ಆದ್ರೂ ಊರಲ್ಲಿ ಬಾಡಿಗೇದು ಅಂತ ಕಂಡುಹಿಡಿದುಬಿಟ್ರಂತೆ. ಯಾಕೆ ಹೇಳಿ? ಕಾರು ಬಹಳ ಚೊಕ್ಕಟವಾಗಿತ್ತು. ಸ್ವಂತ ಕಾರು ಯಾರದ್ದು ಅಷ್ಟು ಚೊಕ್ಕಟವಾಗಿರತ್ತೆ? ಆವತ್ತಿಂದ ಸೀಟಿನ ಸಂದೀಲಿ ಒಂಚೂರು ಬಿಸ್ಕತ್ತಿನ ಪುಡೀನೂ ಹಾಕಿಡ್ತೀನಿ.” ನಗಲಿ ಎಂದು ಅವನು ಕಾದ. ಉಪವಾಸದ ಮಧ್ಯಾಹ್ನ, ಬಾಯಿ ಒಣಗಿ ತುಟಿ ಹಲ್ಲಿಗೆ ಅಂಟುತ್ತಿತ್ತು, ವಿನಾರ್ಸಿಗೆ ನಗು ಬರಲಿಲ್ಲ. ತಾನು ಇವನಿಗೆ ಏನು ಹೇಳಿದ್ದೆ? ಬೆಳ್ಳಿ ಬಣ್ಣದ್ದು ಬೇಕು, ಏಳು ಜನ ಕೂರುವಂಥದ್ದು, ತೀರ ಹೊಸದಾಗಿರಬಾರದು, ನಂಬರ್ ಪ್ಲೇಟಿನಲ್ಲಿ ಬಿ ಇರಲೇಬೇಕು. ಅಷ್ಟೇ. ಅಷ್ಟರಲ್ಲೇ ಅವನು ಅವಳ ಅಂಗಿಯ ಒಳಗಿನ ಹೊಲಿಗೆಯನ್ನೆಲ್ಲ ಓದಿಬಿಟ್ಟಿದ್ದ.

“ಊರಿಗೆ ಹೋಗೋರು ಹಬ್ಬಕ್ಕೆ ಹೋಗಲ್ಲ ಇಬು, ಪರೀಕ್ಷೆಗೆ ಹೋಗ್ತಾರೆ,” ಎಂದು ಅವನು ಬೆಳ್ಳಿ ಕಾರಿನ ಬೆನ್ನು ತಟ್ಟಿದ. “ಇದು ಈವರೆಗೂ ಫೇಲಾಗಿಲ್ಲ.”

ಪರೀಕ್ಷೆ ನಡೆಯುವುದು ಸೋಲೋ ನಗರದಲ್ಲಿ, ಲವೆಯಾನಿನ ಎತ್ತರದ ಗೋಡೆಗಳ ಓಣಿಯಲ್ಲಿ, ದೊಡ್ಡಪ್ಪನ ಮನೆಯ ಜಗುಲಿಯ ಮೇಲೆ. ಹಬ್ಬದ ಮರುದಿನ ವಿನಾರ್ಸಿಯ ಅಮ್ಮ ಸೆಮರಾಂಗಿನ ತನ್ನ ಮನೆಯಿಂದ ಹೊರಟು, ಮೊದಲು ಗಂಡನ ಗೋರಿಗೆ ಹೂವು ಹಾಕಿ, ಅಲ್ಲಿಂದ ನೇರ ಗಂಡನ ಅಣ್ಣನ ಈ ಮನೆಗೆ ಹೋಗಿ, ಮೊಣಕಾಲೂರಿ ಅವರ ಕೈಗೆ ಹಣೆ ಮುಟ್ಟಿಸಿ, ಕಳೆದ ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳಬೇಕು. ಕ್ಷಮೆ ಆಮೇಲಿನದು. ಕಾರು ಅಂಗಳಕ್ಕೆ ತಿರುಗುತ್ತಿದ್ದ ಹಾಗೇ ಜಗುಲಿಯ ಮೇಲಿದ್ದವರ ಕಣ್ಣುಗಳೆಲ್ಲ ಮುಖ ನೋಡುವ ಮುಂಚೆ ಒಂದು ಮೊಳ ಕೆಳಕ್ಕೆ, ಪ್ಲೇಟಿಗೆ ಇಳಿಯುತ್ತವೆ. ಎಡಿ ಅಂದರೆ ಇಲ್ಲೇ ಸೋಲೋದ್ದು, ಎಚ್ ಅಂದರೆ ಸೆಮರಾಂಗಿನದು, ಎರಡೂ ಯಾರನ್ನೂ ಕೂತಲ್ಲಿಂದ ಎಬ್ಬಿಸುವಂಥವಲ್ಲ. ಬಿ ಅಂದರೆ ಜಕಾರ್ತಾ. ದೊಡ್ಡಪ್ಪನ ಅಳಿಯ ಪುರ್ನೊಮೊ ಹಾಜರಿ ಕೂಗುವ ಮೇಷ್ಟರ ಹಾಗೆ ಅಕ್ಷರ ಹೇಳುತ್ತಾನೆ. ಒಂದು ವರ್ಷ ಯಾರೋ ಜಕಾರ್ತಾದಿಂದಲೇ ಬಂದವರು ಎಚ್ ಕಾರಿನಲ್ಲಿ ಇಳಿದಾಗ ಅವನು, “ಓಹೋ, ಸೆಮರಾಂಗಿನವರೆಗೂ ರೈಲಲ್ಲಿ ಬಂದು ಅಲ್ಲಿ ಬಾಡಿಗೆಗೆ ತಗೊಂಡ್ರಾ, ಜಾಣತನ, ಜಾಣತನ,” ಎಂದಿದ್ದ. ಪಾಪ, ಅವರು ಆ ದಿನವೆಲ್ಲ ಜಾಣರಾಗಿಯೇ ಕೂತಿದ್ದರು, ಒಂದು ತುತ್ತು ಹೆಚ್ಚಿಗೆ ತಿನ್ನಲಿಲ್ಲ. ಅಮ್ಮನಿಗೆ ಆ ಜಗುಲಿಯ ಮೆಟ್ಟಿಲು ಮದುವೆಯಾದ ದಿನದಿಂದಲೂ ಎತ್ತರವೇ. ಬಾತಿಕ್ ಬಟ್ಟೆಯ ವ್ಯಾಪಾರಸ್ಥರ ಮನೆಗೆ ಸೆಮರಾಂಗಿನ ಮೀನು ಮಾರುವವಳ ಮಗಳು ಸೊಸೆಯಾಗಿ ಬಂದಿದ್ದಳು; ದೊಡ್ಡಮ್ಮ ಬದುಕಿದ್ದಷ್ಟು ದಿನ ಅಮ್ಮ ಅಡುಗೆಮನೆಯಿಂದ ಆಚೆ ಬಂದ ಕೂಡಲೇ ಮಲ್ಲಿಗೆ ನೀರು ಚಿಮುಕಿಸುತ್ತಿದ್ದಳು, ಅದೂ ನಗುನಗುತ್ತಾ. ಅಪ್ಪ ಸತ್ತಮೇಲೆ ಅಮ್ಮ ಸೆಮರಾಂಗಿಗೇ ಹಿಂತಿರುಗಿದಳು. ಹಾಗಿದ್ದವಳು ವಿನಾರ್ಸಿಯ ಗಂಡ ಸಿಗಿತ್ ಕಾರು ಕೊಂಡ ವರ್ಷ, ಹಿಂದಿನ ಸೀಟಿನಲ್ಲಿ ಕೂತು, ಓಣಿ ಶುರುವಾಗುವ ಮುಂಚೆಯೇ ಗಾಜು ಇಳಿಸಿಕೊಂಡು ಹೋದಳು. ಆವತ್ತು ದೊಡ್ಡಪ್ಪ ತಾವೇ ಮೆಟ್ಟಿಲಿಳಿದು ಬಂದು ಬಾಗಿಲು ತೆಗೆದರು. ಬಂದೆಯೇನಮ್ಮ ಎಂದರು. ವಾಪಸು ಬರುವಾಗ, ದಾರಿಯ ಬೊಯೊಲಾಲಿ ಊರು ದಾಟಿದ ಮೇಲೆ, ಅಮ್ಮ ಅಳಿಯನ ಹೆಗಲು ಮುಟ್ಟಿ, ಸಿಗಿತ್, ಕಾರು ಚೆನ್ನಾಗಿ ಓಡ್ತದೆ ಕಣಪ್ಪ, ಎಂದಳು.

“ಹಾಗಾದ್ರೆ ಯಜಮಾನ್ರನ್ನ ಯಾವಾಗ ಕರ್ಕೊಂಡು ಬರ್ತೀರಿ?” ಎಂದು ನಾಸಿರ ಕೇಳುತ್ತಿದ್ದ. ಗಿರಾಕಿಗಳೇ ಓಡಿಸುವುದಾದರೆ ಅವನ ಕಟ್ಟಳೆಗಳಿದ್ದವು. ಗುರುತಿನ ಚೀಟಿ, ಅಡಮಾನಕ್ಕೆ ಬಿಟ್ಟುಹೋಗಲು ಬೈಕು, ಮನೆ ನೋಡಿಕೊಂಡು ಬರುವುದು, ಮತ್ತೆ ಗಂಡಹೆಂಡತಿ ಇಬ್ಬರದೂ ಒಪ್ಪಿಗೆ. ಹಿಂದೊಮ್ಮೆ ಹೆಂಡತಿ ಕಾರು ತೆಗೆದುಕೊಂಡು ಹೋಗಿ, ಗಂಡ ಬಂದು ಅಂಗಳದಲ್ಲಿ ಗಲಾಟೆ ಮಾಡಿದ್ದನಂತೆ. ಆ ಕಥೆಯನ್ನು ಅವನು ಉದ್ದಕ್ಕೆ ಹೇಳಿದ. ವಿನಾರ್ಸಿ ತಲೆಯಾಡಿಸುತ್ತಾ, ಗಂಡ ಊರಲ್ಲಿಲ್ಲ ಎನ್ನಲೇ, ಹಡಗಿನ ಕೆಲಸದಲ್ಲಿದ್ದಾನೆ ಎನ್ನಲೇ, ಕಾಲು ಮುರಿದಿದೆ ಎನ್ನಲೇ ಎಂದು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟಳು. ಸುಳ್ಳು ಹೇಳಿದರೆ ಉಪವಾಸದಲ್ಲಿ ಉಳಿಯುವುದು ಬಾಯಾರಿಕೆಯೊಂದೇ ಎಂದು ಮಾರ್ಕೆಟ್ಟಿನ ಮಸೀದಿಯ ಧ್ವನಿವರ್ಧಕ ದಿನಾ ಹೇಳುತ್ತಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ಎಷ್ಟೋ ಆಗಿತ್ತು, ಅದರ ಮೇಲೆ ಈ ಗುರುತಿಲ್ಲದವನಿಗೂ ಒಂದು ಯಾಕೆ ಅನ್ನಿಸಿತೋ, ಅಥವಾ ದಣಿವೋ.

“ಯಜಮಾನ್ರಿಲ್ಲ,” ಎಂದಳು. “ಬಿಟ್ಟು ಹೋದ್ರು. ಕೋರ್ಟಲ್ಲೂ ಮುಗಿದಿದೆ.”

ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು, ಬಟ್ಟೆಯ ಆನೆಮರಿಯ ಮುಂದೆ, ಬಾಡಿಗೆ ಕಾರಿನವನ ಮುಂದೆ ಹೊರಗೆ ಬಂತು. ಬಂದಮೇಲೆ ಏನೂ ಆಗಲಿಲ್ಲ. ಎದುರಿನ ಅಂಗಡಿಯವನು ಟಯರಿಗೆ ಗಾಳಿ ತುಂಬುತ್ತಲೇ ಇದ್ದ. ನಾಸಿರ ಮಾತ್ರ ಕಾರಿನ ಬೆನ್ನ ಮೇಲಿದ್ದ ಕೈಯನ್ನು ತೆಗೆದು, ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿದ. ಅಯ್ಯೋ ಎನ್ನಲಿಲ್ಲ, ಅದೊಂದು ಪುಣ್ಯ. ದನಿ ತಗ್ಗಿಸಿ, “ಡ್ರೈವರ್ ಬೇಕಾದ್ರೆ ಕೊಡ್ತೀನಿ ಇಬು. ಒಳ್ಳೆ ಮನುಷ್ಯ. ಬಾತಿಕ್ ಅಂಗಿ ಹಾಕಿದ್ರೆ ಲಕ್ಷಣವಾಗಿ ಕಾಣ್ತಾನೆ, ಮಾತೂ ಕಡಿಮೆ,” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಅದು ಹೆಚ್ಚು ನಾಟಿತು. ಟಿಶ್ಯೂ ಡಬ್ಬಿ, ಜಪಮಣಿ, ನೋವಿನೆಣ್ಣೆ, ಅವುಗಳ ಪಕ್ಕದಲ್ಲಿ ಲಕ್ಷಣವಾದ ಒಬ್ಬ ಮನುಷ್ಯ. ಯೋಚಿಸಿ ಹೇಳುತ್ತೇನೆ ಎಂದಳು. ಹೊತ್ತು ಮುಳುಗುವವರೆಗೆ ಕಾರನ್ನು ಹಿಡಿದಿಟ್ಟಿರುತ್ತೇನೆ, ಆಮೇಲೆ ಕೇಳುವವರು ಬಹಳ ಮಂದಿ ಇದ್ದಾರೆ ಎಂದು ಅವನು ಗೇಟಿನವರೆಗೂ ಬಂದು, ಅವಳ ಬೈಕನ್ನು ತಾನೇ ತಿರುಗಿಸಿ ಕೊಟ್ಟ.

ಮಾರ್ಕೆಟ್ಟಿಗೆ ಹಿಂತಿರುಗಿದರೆ ರಾಶಿ ಬಟ್ಟೆ ಕಾಯುತ್ತಿತ್ತು. ಅವಳು ಹೋಗದೆ ರೈಲು ಹಳಿಯ ಪಕ್ಕದ ಮರದಡಿ ಬೈಕು ನಿಲ್ಲಿಸಿ ಅದರ ಮೇಲೇ ಕೂತಳು. ಸೆಮರಾಂಗಿಗೆ ರೈಲಿನ ಟಿಕೆಟ್ಟು ಅವಳ ಬಳಿ ಇತ್ತು. ಕಾರು ಸಿಗದಿದ್ದರೆ ಇರಲಿ ಎಂದು ಎಂದೋ ತೆಗೆದಿಟ್ಟದ್ದು. ರೈಲಿನಲ್ಲಿ ಹೋಗಿ ಅಲ್ಲೇ ಕಾರು ಹಿಡಿಯುವುದು ಯಾವ ರೀತಿ ನೋಡಿದರೂ ನೆಟ್ಟಗಿತ್ತು. ಜಕಾರ್ತಾದಿಂದ ಹೆದ್ದಾರಿಯ ಹಬ್ಬದ ನೂಕಿನಲ್ಲಿ ಒಬ್ಬಳೇ ಓಡಿಸುವುದು ತಪ್ಪುತ್ತಿತ್ತು, ಬೇಕಾದದ್ದು ಸೆಮರಾಂಗಿನಿಂದ ಸೋಲೋಗೆ ಹೋಗಿ ಬರುವುದಕ್ಕೆ ಮಾತ್ರ. ಆದರೆ ಅದು ಎಚ್. ಎಚ್ ಅಂದರೆ ಪುರ್ನೊಮೊನ ಬಾಯಿ, ಎಚ್ ಅಂದರೆ ಅಮ್ಮ ಗಾಜು ಏರಿಸಿಕೊಂಡು ಕೂರುವುದು, ಸಿಗಿತ್ ಎಲ್ಲಿ, ಕಾರೆಲ್ಲಿ, ಯಾಕೆ, ಯಾವಾಗ. ಬಿ ಅಂದರೆ ಒಂದು ವರ್ಷದ ಬಿಡುವು. ಅವರಿಗೆ ಈ ಸಲ ರಜೆ ಸಿಗಲಿಲ್ಲ ದೊಡ್ಡಪ್ಪ, ಕಾರು ಕೊಟ್ಟು ಕಳಿಸಿದ್ದಾರೆ. ಕನ್ನಡಿಯ ಮುಂದೆ ನಿಂತು ಅವಳು ಈ ಮಾತನ್ನು ಹೇಳಿಯೂ ನೋಡಿದ್ದಳು. ಚೆನ್ನಾಗಿಯೇ ಬಂದಿತ್ತು, ಕೊನೆಯಲ್ಲಿ ಒಂದು ಸಣ್ಣ ನಗೆ ಸಮೇತ. ಸಿಗಿತ್ ಪಕ್ಕದ ಬೆಕಾಸಿ ಊರಿನಲ್ಲಿ ಇನ್ನೊಂದು ಮನೆ ಮಾಡಿದ್ದಾನೆಂದು ಗೊತ್ತಾದ ದಿನವೂ ಅವಳು ಹೀಗೇ, ಗಿರಾಕಿಯೊಬ್ಬಳ ಕುಪ್ಪಸದ ತೋಳಿಗೆ ಗುಂಡುಪಿನ್ನು ಚುಚ್ಚುತ್ತಾ, ಕೈ ಎತ್ತಿ, ಕೈ ಇಳಿಸಿ, ಬಿಗಿಯಾಯಿತಾ ಎಂದು ನಗುತ್ತಲೇ ಕೇಳಿದ್ದಳು. ನಗುವಿನ ಅಂಚು ಮಡಿಸುವುದು ಅವಳಿಗೆ ಕೈಗೆ ಹತ್ತಿದ ಕೆಲಸ.

ಅವನು ಕಾರು ತೆಗೆದುಕೊಂಡು ಹೋದ ಮೇಲೆ ಅವಳು ಡ್ರೈವಿಂಗ್ ಶಾಲೆಗೆ ಸೇರಿದಳು. ಯಾಕೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ. ಕಾರಿಲ್ಲದವಳು ಕಾರು ಕಲಿಯುವುದು ಕೂದಲಿಲ್ಲದವಳು ಬಾಚಣಿಗೆ ಕೊಂಡ ಹಾಗೆ ಎಂದು ಪಕ್ಕದ ಮಳಿಗೆಯ ಗುಂಡಿ ಮಾರುವವಳು ಆಡಿಕೊಂಡಿದ್ದಳು. ಕಾಲೇಜಿನ ಹುಡುಗಿಯರ ಜೊತೆ ಸರದಿಯಲ್ಲಿ ಕೂತು, ಗೇರು ಹಾಕುವಾಗಲೆಲ್ಲ ಹೊಲಿಗೆಯ ಮಿಷನ್ನು ತುಳಿದ ಹಾಗೆ ಎರಡು ಕಾಲನ್ನೂ ಒಟ್ಟಿಗೆ ಒತ್ತಿ ಬೈಸಿಕೊಂಡು, ಅಂತೂ ಲೈಸೆನ್ಸು ಕೈಗೆ ಬಂದ ದಿನ ಅಮ್ಮನಿಗೆ ಫೋನು ಮಾಡಿದ್ದಳು, ಹೇಳಲೆಂದೇ. ಅಮ್ಮ ಎತ್ತಿದ ಕೂಡಲೇ ಎಂದಿನ ಹಾಗೆ, ಕಾರು ಹೇಗಿದೆ, ಎಂದಳು. ನೀನು ಹೇಗಿದ್ದೀಯೆ ಎನ್ನುವ ಮುಂಚೆ ಕಾರು ಹೇಗಿದೆ. ಮಳೆಗಾಲದಿಂದ ಈಚೆಗೆ ಪ್ರತಿ ಸಲವೂ ಇದೇ. ಸರ್ವಿಸ್ ಮಾಡಿಸಿದ್ರಾ, ಟಯರು ಹೊಸದು ಹಾಕಿಸಿದ್ರಾ. ಚೆನ್ನಾಗಿದೆ ಅಮ್ಮ, ಎಂದು ಹೇಳಿ ವಿನಾರ್ಸಿ ಇಟ್ಟುಬಿಟ್ಟಿದ್ದಳು. ಆ ರಾತ್ರಿ ಊಟ ಮಾಡಲಿಲ್ಲ. ಹೆತ್ತ ಮಗಳಿಗಿಂತ ನಾಲ್ಕು ಗಾಲಿ ಮೇಲು ಎಂಬ ಕಹಿ ಆವತ್ತು ನಾಲಿಗೆಯ ಮೇಲೆ ಕೂತದ್ದು ಇವತ್ತಿನ ಒಣ ಬಾಯಿಯಲ್ಲೂ ಸಿಗುತ್ತಿತ್ತು.

ಹಳಿಯ ಮೇಲೆ ಲೋಕಲ್ ಟ್ರೈನೊಂದು ಹೋಯಿತು. ಕಿಟಕಿಗಳಲ್ಲಿ ಜನ ನಿಂತೇ ನಿದ್ದೆ ಮಾಡುತ್ತಿದ್ದರು. ನಾಸಿರನಿಗೆ ನಿಜ ಹೇಳಿದ ಮೇಲೆ ಅವಳೊಳಗೆ ಯಾವುದೋ ಒಂದು ಹೊಲಿಗೆ ಬಿಟ್ಟಿತ್ತು. ಒಂದು ಎಳೆ ಎಳೆದರೆ ಉಳಿದದ್ದು ತಾನೇ ಬಿಚ್ಚಿಕೊಳ್ಳುವಂಥದ್ದು. ಕೇಳುವುದಕ್ಕೇನು ಎಂದುಕೊಂಡು ಅವಳು ಸೆಮರಾಂಗಿನ ರೈಲು ನಿಲ್ದಾಣದ ಆಸುಪಾಸಿನ ಬಾಡಿಗೆ ಕಾರಿನವರಿಗೆ ಫೋನು ಮಾಡತೊಡಗಿದಳು. ಎಲ್ಲರೂ ಹಬ್ಬ ಮುಗಿಯುವವರೆಗೂ ಖಾಲಿ ಇಲ್ಲ ಎಂದರು, ಒಬ್ಬನಂತೂ ನಕ್ಕೇಬಿಟ್ಟ. ಉಳಿದವನು ದರ್ಮಾಜಿ. ಅಮ್ಮನ ಓಣಿಯ ಬಾಯಲ್ಲೇ, ಮಸೀದಿಯ ಎದುರು, ಅವನ ಕಾರುಗಳು ನಿಲ್ಲುತ್ತಿದ್ದವು. ಅವನನ್ನು ಕೇಳುವುದೂ ಮಸೀದಿಯ ಮೈಕಿನಲ್ಲಿ ಹೇಳುವುದೂ ಒಂದೇ. ಅದಕ್ಕೇ ಅವಳು ಅವನನ್ನು ಕೊನೆಗೆ ಇಟ್ಟುಕೊಂಡಿದ್ದಳು. ಹೆಸರು ಹೇಳದೆ, ಗಂಟಲು ಸ್ವಲ್ಪ ದಪ್ಪ ಮಾಡಿಕೊಂಡು, ಹಬ್ಬಕ್ಕೆ ಸೋಲೋಗೆ ಹೋಗಿ ಬರಲು ಕಾರು ಇದೆಯೇ ಎಂದು ಕೇಳಿದಳು.

“ಯಾರು, ವಿನ್ ಅಲ್ವಾ?” ಎಂದ ದರ್ಮಾಜಿ. “ಗಂಟಲಿಗೇನಾಯ್ತು? ನೀನು ಯಾಕಮ್ಮ ಕೇಳ್ತಿದೀಯ, ನಿಮ್ಮಮ್ಮ ಆಗ್ಲೇ ಹೇಳಿ ಹೋಗಿದಾರಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ದರ್ಮಾಜಿ ಸಾವಕಾಶವಾಗಿ, ಇಂಥ ವಿಷಯ ಹೇಳುವಾಗ ಎಷ್ಟು ಸಾವಕಾಶ ಬೇಕೋ ಅಷ್ಟರಲ್ಲಿ, ವಿವರಿಸಿದ. ಉಪವಾಸ ಶುರುವಾಗುವ ಮುಂಚೆಯೇ ಅಮ್ಮ ಒಬ್ಬಳೇ ಅವನ ಅಂಗಡಿಗೆ ಬಂದಿದ್ದಳಂತೆ. ಅಳಿಯನ ಕಾರು ವರ್ಕ್‌ಶಾಪಿನಲ್ಲಿದೆ, ಹಬ್ಬದೊಳಗೆ ಆಗುವ ಹಾಗೆ ಕಾಣುವುದಿಲ್ಲ, ಒಂದು ಕಾರು ತೆಗೆದಿಡು ಎಂದಳಂತೆ. ಯಾವುದಾದರೂ ಆಗುತ್ತದಾ ಎಂದರೆ ಇಲ್ಲ, ಬೆಳ್ಳಿ ಬಣ್ಣದ್ದು, ಬಿ ನಂಬರಿನದೇ ಆಗಬೇಕು. ಅವನ ಪುಣ್ಯಕ್ಕೆ ಜಕಾರ್ತಾದಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದೊಂದು ಇತ್ತು, ನಂಬರು ಇನ್ನೂ ಬದಲಾಗಿರಲಿಲ್ಲ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು, ಗಾಜು ಇಳಿಸಿ ಏರಿಸಿ ನೋಡಿ, ಸರಿ ಎಂದು ಹೋದಳಂತೆ. “ಹೊರಡೋವಾಗ ಮತ್ತೆ ತಿರುಗಿ ಬಂದ್ರು. ಡ್ರೈವರೂ ಬೇಕಾಗಬಹುದು ದರ್ಮಾಜಿ, ಯಾರಿಗೂ ಹೇಳಬೇಡ ಅಂದ್ರು. ನಾನು ಯಾರಿಗೂ ಹೇಳಿಲ್ಲ. ನೀನು ಮಗಳು, ನಿಂಗೆ ಹೇಳಬಹುದು.”

ಮರದಿಂದ ಒಣ ಎಲೆಯೊಂದು ಬಂದು ಅವಳ ಮಡಿಲಲ್ಲಿ ಬಿತ್ತು. ಅಳಿಯ ಬರುವುದಾದರೆ ಡ್ರೈವರು ಯಾಕೆ ಬೇಕು? ಅಮ್ಮನಿಗೆ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು. ಗೊತ್ತಿದ್ದೂ ಫೋನಿನಲ್ಲಿ ಕಾರು ಹೇಗಿದೆ ಎಂದು ಕೇಳಿಕೊಂಡು, ಇತ್ತ ಇಳಿವಯಸ್ಸಿನಲ್ಲಿ ಬಿಸಿಲಲ್ಲಿ ನಡೆದು ಹೋಗಿ, ಓಣಿಯ ಬಾಯಿಬಡುಕನ ಮುಂದೆ ನಿಂತು, ಮಗಳ ಸುಳ್ಳಿಗೆ ಹೊಂದುವ ಬಣ್ಣದ ಕಾರು ಹುಡುಕಿದ್ದಳು. ಅಮ್ಮ ಆ ಸೀಟಿನಲ್ಲಿ ಕೂತು ಗಾಜು ಇಳಿಸಿದ್ದು, ಏರಿಸಿದ್ದು, ಒಬ್ಬಳೇ, ನಿಂತ ಕಾರಿನಲ್ಲಿ. ವಿನಾರ್ಸಿಗೆ ಮೊದಲು ಬಂದದ್ದು ನಾಚಿಕೆ, ಕಿವಿಯ ಬುಡದಿಂದ ಬಿಸಿಯಾಗಿ. ಹಿಂದೆಯೇ ಕೋಪ, ಯಾರ ಮೇಲೆಂದು ಗೊತ್ತಾಗದ್ದು. ಇಬ್ಬರೂ ಒಂದೇ ಬಟ್ಟೆಯನ್ನು ಎರಡು ಕಡೆಯಿಂದ ಹೊಲಿಯುತ್ತಾ ಬಂದು ಮಧ್ಯದಲ್ಲಿ ಸೂಜಿಗೆ ಸೂಜಿ ತಾಗಿದ ಹಾಗಾಗಿತ್ತು. ಇನ್ನು ಇದನ್ನು ಹೊಲಿಯುವುದು ಸಾಧ್ಯವಿಲ್ಲ ಅನ್ನಿಸಿತು. ಬೇಸರದಿಂದಲ್ಲ. ತಪ್ಪಾದ ಅಳತೆಯನ್ನು ಕಂಡಾಗ ಕೈ ತಾನಾಗಿ ಕತ್ತರಿಯ ಕಡೆಗೆ ಹೋಗುತ್ತದಲ್ಲ, ಆ ಥರ.

“ಬೇರೆ ಯಾವ ಕಾರಿದೆ?” ಎಂದು ಕೇಳಿದಳು.

ಬೇರೆ ಇರುವುದು ಒಂದೇ, ಅದನ್ನು ಹಬ್ಬಕ್ಕೆ ಯಾರೂ ಮುಟ್ಟುವುದಿಲ್ಲ ಎಂದ ದರ್ಮಾಜಿ. ಎಚ್ ನಂಬರಿನದು, ಕೆಂಪು ಬಣ್ಣ. ವ್ಯಾಪಾರಕ್ಕೆ ಒಳ್ಳೆಯದೆಂದು ಅವನು ಅದರ ಬಾಗಿಲುಗಳ ಮೇಲೆ ದರ್ಮಾಜಿ ಬಾಡಿಗೆ ಕಾರುಗಳು ಎಂದು ಹಳದಿ ಬಣ್ಣದಲ್ಲಿ ಬರೆಸಿಬಿಟ್ಟಿದ್ದ, ಫೋನ್ ನಂಬರು ಸಮೇತ.

“ಅದನ್ನೇ ಇಡಿ. ನಾನೇ ಓಡಿಸೋದು. ಬಿ ಕಾರು ಬೇರೆ ಯಾರಿಗಾದ್ರೂ ಕೊಡಿ.”

“ನಿಮ್ಮಮ್ಮನ್ನ ಕೇಳದೆ ಹೇಗಮ್ಮ?”

“ಕೇಳ್ತೀನಿ,” ಎಂದಳು ವಿನಾರ್ಸಿ.

ಆ ಮಾತು ಮುಗಿದು ಅಮ್ಮನಿಗೆ ಫೋನು ಮಾಡುವ ಮೊದಲೇ ನಾಸಿರನದು ಬಂತು. ಯಾರೋ ದಂಪತಿ ಬಂದು ಬೆಳ್ಳಿ ಕಾರಿನ ಪಕ್ಕದಲ್ಲೇ ನಿಂತುಬಿಟ್ಟಿದ್ದಾರೆ, ಕೀಲಿ ಕೊಡು ಎಂದು ಹಟ ಮಾಡುತ್ತಿದ್ದಾರೆ, ಏನು ಮಾಡಲಿ ಎಂದ. ಅವನ ದನಿಯ ಹಿಂದೆ ಒಬ್ಬ ಹೆಂಗಸು ಆ ಇನ್ನೊಂದು ಕಾರಿನ ಆನೆಮರೀನೂ ಸೇರಿ ಬರತ್ತಾ ಎಂದು ಕೇಳುತ್ತಿದ್ದಳು. ಈಗಲೂ ಒಂದು ಮಾತಿನಲ್ಲಿ ಎಲ್ಲವನ್ನೂ ಹಿಂದಕ್ಕೆ ತಿರುಗಿಸಬಹುದಿತ್ತು. ದೊಡ್ಡಪ್ಪ ಮೆಟ್ಟಿಲಿಳಿಯುವುದು ಕಣ್ಣ ಮುಂದೆ ಬಂತು, ಅವರ ಬಿಳಿಯ ಕೈ ಬಾಗಿಲ ಹಿಡಿಯ ಮೇಲೆ, ಅಮ್ಮನ ನೆತ್ತಿ ಬಾಗಿ ಹೊರಬರುವುದು. ಅದನ್ನು ಅಮ್ಮನಿಂದ ಕಿತ್ತುಕೊಳ್ಳುವ ಹಕ್ಕು ತನಗಿದೆಯೇ? ಇಲ್ಲವೇ ಇಲ್ಲ ಎಂದು ಒಂದು ಮನಸ್ಸು ಸ್ಪಷ್ಟವಾಗಿ ಹೇಳಿತು. ಆದರೆ ಆ ಕೈ ಅಮ್ಮನಿಗೆಂದು ಬಾಗಿಲು ತೆಗೆದಿತ್ತೇ ಎಂದು ಇನ್ನೊಂದು ಕೇಳಿತು.

“ಅವರಿಗೇ ಕೊಟ್ಟುಬಿಡಿ ಬಾಂಗ್,” ಎಂದಳು. ಅಣ್ಣ ಎನ್ನುವ ಹಾಗೆ ಬಾಂಗ್ ಎಂದು ಅವನನ್ನು ಕರೆದದ್ದು ಅದೇ ಮೊದಲು. ಹಬ್ಬಕ್ಕೆ ನನ್ನ ತಪ್ಪಿದ್ದರೆ ಮನ್ನಿಸಿ ಇಬು ಎಂದು ಅವನು ಎಲ್ಲರಿಗೂ ಹೇಳುವುದನ್ನೇ ಹೇಳಿ, ನಿಧಾನವಾಗಿ ಓಡಿಸಿ ಎಂದ.

ಬಿಸಿಲು ಹಳದಿಯಾಗುತ್ತಾ ಬಂದಿತ್ತು. ಉಪವಾಸ ಬಿಡುವವರಿಗಾಗಿ ರಸ್ತೆಯ ಬದಿಯಲ್ಲಿ ತೆಂಗಿನ ಹಾಲಿನ ಬಾಳೆಹಣ್ಣಿನ ಪಾಯಸವನ್ನು ಲೋಟಗಳಿಗೆ ತುಂಬಿ ಸಾಲಾಗಿ ಇಡುತ್ತಿದ್ದರು. ಯಾರೂ ಇನ್ನೂ ಮುಟ್ಟುವಂತಿರಲಿಲ್ಲ. ಅಮ್ಮ ಫೋನೆತ್ತಿದಾಗ ಎಣ್ಣೆಯಲ್ಲಿ ಏನೋ ಬೇಯುವ ಸದ್ದು. ಸೋಯಾಕಾಳಿನ ಟೆಂಪೆ ಕರಿಯುತ್ತಿರಬೇಕು.

“ಕಾರು ಹೇಗಿದೆ?” ಎಂದಳು ಅಮ್ಮ.

“ಅಮ್ಮ, ದರ್ಮಾಜಿ ಹತ್ರ ಮಾತಾಡಿದೆ.”

ಎಣ್ಣೆಯ ಸದ್ದು ಸಣ್ಣದಾಯಿತು. ಅಮ್ಮ ಉರಿ ತಗ್ಗಿಸಿದ್ದಳು. “ಅವನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ,” ಎಂದಳು.

ಯಾವಾಗಿನಿಂದ ಗೊತ್ತು ಎಂದು ಕೇಳಿದಳು ವಿನಾರ್ಸಿ. ಮಳೆಗಾಲದಲ್ಲೇ ಅಂತೆ. “ಯಾವಾಗ ಫೋನ್ ಮಾಡಿದ್ರೂ ಸ್ನಾನಕ್ಕೆ ಹೋಗಿದಾರೆ ಅಂತಿದ್ದೆ. ಬೆಳಿಗ್ಗೆ ಮಾಡಿದ್ರೂ ಸ್ನಾನ, ಸಾಯಂಕಾಲ ಮಾಡಿದ್ರೂ ಸ್ನಾನ. ನಾನೂ ಒಬ್ಬ ಗಂಡಸಿನ ಜೊತೆ ಸಂಸಾರ ಮಾಡಿದೋಳೇ ಕಣೆ. ಯಾವ ಗಂಡಸೂ ಅಷ್ಟು ಸ್ನಾನ ಮಾಡಲ್ಲ.”

“ಮತ್ತೆ ಯಾಕೆ ಕೇಳಲಿಲ್ಲ? ಬರೀ ಕಾರು, ಕಾರು.”

“ಕಾರು ಹೇಗಿದೆ ಅಂದ್ರೆ ನೀನು ಒಂದು ಸುಳ್ಳು ಹೇಳಿದ್ರೆ ಸಾಕಿತ್ತು. ಅವನು ಹೇಗಿದಾನೆ ಅಂತ ಕೇಳಿದ್ರೆ ಇನ್ನೂ ನಾಕು ಹೇಳಬೇಕಾಗ್ತಿತ್ತು,” ಎಂದಳು ಅಮ್ಮ, ಉಪ್ಪು ಖಾರದ ವಿಷಯ ಹೇಳುವ ಹಾಗೆ.

ವಿನಾರ್ಸಿ ಬೈಕಿನ ಕನ್ನಡಿಯಲ್ಲಿ ತನ್ನ ಅರ್ಧ ಮುಖವನ್ನು ನೋಡಿದಳು. ಎಷ್ಟು ದಿನ ಆ ಪ್ರಶ್ನೆಯನ್ನು ಚುಚ್ಚಿದ ಸೂಜಿಯೆಂದುಕೊಂಡು ಊಟ ಬಿಟ್ಟಿದ್ದಳು. ಬೇಕಾದ ಮಾತನ್ನಷ್ಟೇ ಎತ್ತಿಕೊಂಡು, ಬಿ ಕಾರು ಬೇಡವೆಂದಿದ್ದೇನೆ, ಕೆಂಪು ಕಾರು ಹೇಳಿದ್ದೇನೆ, ರೈಲಿನಲ್ಲಿ ಬಂದು ಅಲ್ಲಿಂದ ನಾನೇ ಸೋಲೋಗೆ ಓಡಿಸುತ್ತೇನೆ ಎಂದಳು.

“ಆ ಹಳದಿ ಅಕ್ಷರದ್ದಾ?” ಎಂದಳು ಅಮ್ಮ.

“ಅದೇ.”

“ನಾನು ಬರಲ್ಲ.”

“ಅಪ್ಪನ ಗೋರಿಗೆ ಬರ್ತೀಯಲ್ಲ. ಅಲ್ಲಿಗೂ ಅದೇ ಕಾರು ಹೋಗೋದು.”

ಅಮ್ಮ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಬೇಡಿಕೊಂಡಳು, ಅದೂ ಬೇಡಿಕೊಳ್ಳುವ ದನಿಯಲ್ಲಲ್ಲ. ನಿಮ್ಮ ದೊಡ್ಡಪ್ಪನಿಗೂ ಮೊಣಕಾಲು ಸೋತಿದೆಯಂತೆ, ಮುಂದಿನ ವರ್ಷ ಮೆಟ್ಟಿಲು ಇಳಿಯುತ್ತಾರೋ ಇಲ್ಲವೋ, ಇದೊಂದು ಸಲ ಹೋಗಿ ಬಂದುಬಿಡೋಣ, ಆಮೇಲೆ ನೀನು ಯಾರಿಗೆ ಏನು ಬೇಕಾದರೂ ಹೇಳು ಎಂದಳು. ಆಗಲಿ ಎನ್ನುವುದು ಎಷ್ಟು ಹಗುರವಾಗಿತ್ತು, ನಾಲಿಗೆಯ ತುದಿಯಲ್ಲೇ ಕೂತಿತ್ತು.

“ಅವರು ಇಳಿದು ಬರದಿದ್ರೆ ನಾವೇ ಹತ್ತಿ ಹೋಗೋಣ ಅಮ್ಮ,” ಎಂದಳು. “ಸಿಗಿತ್ ಬಿಟ್ಟುಹೋದ ಅಂತ ಮೊದಲು ನಾನೇ ಹೇಳ್ತೀನಿ. ಪುರ್ನೊಮೊ ಪ್ಲೇಟು ಓದೋಷ್ಟರಲ್ಲಿ ಹೇಳಿ ಮುಗಿಸ್ತೀನಿ.”

ಎಣ್ಣೆಯ ಸದ್ದು ಈಗ ಪೂರ್ತಿ ನಿಂತಿತ್ತು. ಕರಿದದ್ದನ್ನು ಎತ್ತಿ ತಟ್ಟೆಗೆ ಹಾಕಿದ್ದು ಕೇಳಿಸಿತು, ಆಮೇಲೆ ಕುರ್ಚಿ ಎಳೆದದ್ದು.

“ನಾನು ಇಳಿದ ಕೂಡಲೇ ಆ ಬಾಗಿಲಿಗೆ ಒರಗಿ ನಿಂತ್ಕೋತೀನಿ,” ಎಂದಳು ಅಮ್ಮ. “ಹೆಗಲ ಮೇಲಿನ ಶಾಲು ಸ್ವಲ್ಪ ಅಗಲ ಮಾಡಿದ್ರೆ ಹೆಸರು ಮುಚ್ಚತ್ತೆ.”

“ಎರಡೂ ಕಡೆ ಇದೆಯಂತೆ.”

“ಆ ಕಡೆ ನೀನು ನಿಂತ್ಕೋ.”

ವಿನಾರ್ಸಿಗೆ ನಗು ಉಕ್ಕಿತು. ಅಮ್ಮ ನಗುತ್ತಿರಲಿಲ್ಲ, ನಿಜವಾಗಿಯೇ ಲೆಕ್ಕ ಹಾಕುತ್ತಿದ್ದಳು. ಅದು ತಿಳಿದು ನಗು ಅರ್ಧದಲ್ಲೇ ಬೇರೆ ಏನೋ ಆಯಿತು. “ನಿಲ್ಲಲ್ಲ ಅಮ್ಮ,” ಎಂದಳು. “ನಾನು ಬಾಗಿಲು ಹಾಕಿ ನಿನ್ನ ಜೊತೆ ಒಳಗೆ ಬರ್ತೀನಿ. ನೀನೂ ನಿಲ್ಲಬೇಡ.”

ಸೆಮರಾಂಗಿನಲ್ಲಿ, ಓಣಿಯ ಬಾಯಿಯ ಮಸೀದಿಯಲ್ಲಿ, ನಗಾರಿ ಬಾರಿಸತೊಡಗಿದರು. ಅಲ್ಲಿ ಹೊತ್ತು ಸ್ವಲ್ಪ ಮುಂಚೆ ಮುಳುಗುತ್ತದೆ. ಅಮ್ಮ ನೀರು ಕುಡಿಯುವುದು ಕೇಳಿಸಿತು, ಒಂದೇ ಗುಟುಕಿಗಲ್ಲ, ತಡೆದು ತಡೆದು. ಇತ್ತ ವಿನಾರ್ಸಿಯ ಬಾಯಿ ಇನ್ನೂ ಒಣಗಿಯೇ ಇತ್ತು, ಅವಳು ಕಾದಳು. ಲೋಟ ಕೆಳಗಿಟ್ಟ ಸದ್ದು.

“ದರ್ಮಾಜಿಗೆ ಹೇಳು,” ಎಂದಳು ಅಮ್ಮ ಕೊನೆಗೆ. “ಡ್ರೈವರ್ ಸೀಟು ಮುಂದಕ್ಕೆ ಎಳೆದು ಇಟ್ಟಿರಲಿ. ನಿಂದೂ ನನ್ನ ಹಾಗೆ ಗಿಡ್ಡ ಕಾಲು.”